ಬೂದಿಯಲ್ಲಿ ಉಳಿದ ಲೆಕ್ಕ

ಗದಗ ಕಡೆಯ ಒಬ್ಬ ತಾಯಿಯವರು ಕಳೆದ ತಿಂಗಳು ನಮಗೆ ದೀರ್ಘವಾದ ಪತ್ರ ಬರೆದಿದ್ದಾರೆ. ಅವರ ಮಗನ ಕಿರಾಣಿ ಅಂಗಡಿಗೆ ಬೆಂಕಿ ತಗುಲಿ ಮಾಲೆಲ್ಲ ಸುಟ್ಟುಹೋಯಿತಂತೆ. ಆ ದುಃಖಕ್ಕಿಂತಲೂ ವಿಮೆಯ ಸರ್ವೇಯರು ಬಂದು ಕೇಳಿದ ಪ್ರಶ್ನೆಗಳೇ ಅವರ ಮನಸ್ಸನ್ನು ಹೆಚ್ಚು ನೋಯಿಸಿವೆ. "ಕಳ್ಳರನ್ನು ವಿಚಾರಿಸುವಂತೆ ನಮ್ಮನ್ನು ವಿಚಾರಿಸಿದರು. ಕಂಪನಿಯಿಂದ ಸಂಬಳ ತಿನ್ನುವವರು ನಮ್ಮ ಪರವಾಗಿ ಬರೆಯುವುದುಂಟೇ?" ಎಂದು ಅವರು ಕೇಳಿದ್ದಾರೆ. ಇದು ಅವರೊಬ್ಬರ ಪ್ರಶ್ನೆಯಲ್ಲ. ಅಂಗಡಿ, ಗೋದಾಮು, ಟ್ರ್ಯಾಕ್ಟರು, ಎಮ್ಮೆ ಹೀಗೆ ಯಾವುದಾದರೊಂದಕ್ಕೆ ವಿಮೆ ಮಾಡಿಸಿದ ಮನೆಗಳು ಈಗ ಅನೇಕ. ಆದ್ದರಿಂದ ಇಷ್ಟು ವರ್ಷ ಬರೆಯದೆ ಇಟ್ಟುಕೊಂಡಿದ್ದ ಒಂದು ಪ್ರಸಂಗವನ್ನು ಈ ಸಂಚಿಕೆಯಲ್ಲಿ ಹೇಳುತ್ತೇವೆ. ಬರೆಯದಿರುವುದಕ್ಕೆ ಕಾರಣವೂ ಇತ್ತು. ಅದರಲ್ಲಿ ನಮ್ಮ ತಪ್ಪೂ ಒಂದಿದೆ.

ಮೊದಲು ತಾಯಿಯವರ ಸಂಶಯಕ್ಕೆ ಉತ್ತರ. ಸರ್ವೇಯರು ಎಂದೊಡನೆ ನಮ್ಮ ಹಳ್ಳಿಗಳಲ್ಲಿ ಹೊಲ ಅಳೆಯುವವರು ನೆನಪಾಗುತ್ತಾರೆ. ಇವರು ಬೇರೆ, ನಷ್ಟವನ್ನು ಅಳೆಯುವವರು. 1938ರ ವಿಮಾ ಕಾಯಿದೆಗೆ 1968ರಲ್ಲಿ ತಿದ್ದುಪಡಿಯಾಗಿ, 20 ಸಾವಿರ ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನಷ್ಟವನ್ನು ಪರವಾನಗಿ ಪಡೆದ ಸರ್ವೇಯರರ ವರದಿಯಿಲ್ಲದೆ ಕಂಪನಿಯು ಸಾಮಾನ್ಯವಾಗಿ ಇತ್ಯರ್ಥಗೊಳಿಸಬಾರದೆಂದು ಗೊತ್ತುಮಾಡಲಾಯಿತು. ಆ ಮೊತ್ತವನ್ನು ಅನಂತರ ಏರಿಸಿದ್ದಾರೆ. ತತ್ತ್ವ ಹಾಗೆಯೇ ಉಳಿದಿದೆ. ಪರವಾನಗಿ ಕೊಡುವುದು ಕಂಪನಿಯಲ್ಲ, ವಿಮಾ ನಿಯಂತ್ರಣ ಪ್ರಾಧಿಕಾರ. ಹಾಗೆಂದು ತಾಯಿಯವರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಸರ್ವೇಯರರು ಸಂಬಳದ ನೌಕರರಲ್ಲವಾದರೂ ಪ್ರತಿಯೊಂದು ಕೆಲಸದ ಶುಲ್ಕವನ್ನು ಕೊಡುವುದು ಕಂಪನಿಯೇ, ಮುಂದಿನ ಕೆಲಸವನ್ನು ಒಪ್ಪಿಸುವುದೂ ಕಂಪನಿಯೇ. ಅನ್ನ ಒಂದು ಕಡೆಯಿಂದ ಬರುತ್ತದೆ, ನ್ಯಾಯ ಎರಡು ಕಡೆಗೂ ಸಲ್ಲಬೇಕು. ಇಂತಹ ಇಕ್ಕಟ್ಟಿನಲ್ಲಿ ನಿಂತು ಮಾಡುವ ಕಾಯಕ ಅದು.

ಆ ಕಾಯಕ ಮಾಡುವವನೊಬ್ಬ ನಮ್ಮ ಶಿಷ್ಯ. ನಾವು ಸಂಸ್ಕೃತ ಪಾಠಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಆತ ಅಲ್ಲಿಯ ಪ್ರಸಾದನಿಲಯದ ಹುಡುಗ. ಹಗಲು ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದು, ಸಾಯಂಕಾಲ ನಮ್ಮ ಬಳಿ ಅನ್ನಂಭಟ್ಟನ ತರ್ಕಸಂಗ್ರಹ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸುವ ಪ್ರಸಿದ್ಧ ಉದಾಹರಣೆಯನ್ನು ಆತನಿಗೆ ಕಲಿಸಿದವರು ನಾವೇ. ಬೆಂಕಿ ಆರಿದ ಮೇಲೆ ಬೂದಿಯನ್ನು ನೋಡಿ ಹಿಂದೆ ಏನಿತ್ತೆಂದು ಊಹಿಸುವುದನ್ನೇ ಆತ ಜೀವನೋಪಾಯ ಮಾಡಿಕೊಂಡಾನೆಂದು ಆಗ ಯಾರು ತಿಳಿದಿದ್ದರು!

2018ರ ಬೇಸಿಗೆ. ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ನಮಗೆ ಬಹುಕಾಲದಿಂದ ಪರಿಚಿತರಾದ ಅರಳೆ ವ್ಯಾಪಾರಿಗಳ ಗೋದಾಮಿಗೆ ರಾತ್ರಿ ಬೆಂಕಿ ಬಿತ್ತು. ಅವರು ಉದಾರಿಗಳು. ನಮ್ಮ ಪ್ರಸಾದನಿಲಯದ ಹುಡುಗರು ಅವರ ಜೋಳವನ್ನು ಉಂಡವರು. ಆ ಹುಡುಗರಲ್ಲಿ ಈ ಶಿಷ್ಯನೂ ಒಬ್ಬ. ಎರಡು ದಿನ ಕಳೆದ ಮೇಲೆ ಅವರು ನಮಗೆ ದೂರವಾಣಿ ಮಾಡಿದರು. "ಶಾಸ್ತ್ರಿಗಳ, ಸರ್ವೇ ಮಾಡಾಕ ಬಂದಾವ ನಿಮ್ಮ ಶಿಷ್ಯ ಅಂತಲ್ರಿ. ಒಂದು ಮಾತು ಹೇಳ್ರಿ ನೀವು. ನಿಮ್ಮ ಮಾತು ಅವ ಮೀರೂದಿಲ್ಲ."

ನಾವು ಹೇಳಿದೆವು. ಇದೇ ಆ ತಪ್ಪು. ಸುಳ್ಳು ಬರೆ ಎಂದು ಹೇಳಲಿಲ್ಲ. "ಒಳ್ಳೆಯ ಜನ, ಕಷ್ಟದಲ್ಲಿದ್ದಾರೆ, ಸ್ವಲ್ಪ ನೋಡಿ ಮಾಡು" ಎಂದೆವು. ಈ "ಸ್ವಲ್ಪ ನೋಡಿ ಮಾಡು" ಎಂಬ ಮಾತಿಗೆ ನಮ್ಮ ನಾಡಿನಲ್ಲಿ ಎಷ್ಟು ಅರ್ಥಗಳಿವೆಯೆಂಬುದು ಓದುಗರಿಗೆ ತಿಳಿಯದ್ದಲ್ಲ. ಆತ ಕ್ಷಣಕಾಲ ಸುಮ್ಮನಿದ್ದು, "ಗುರುಗಳೇ, ನಾಳೆ ಅಲ್ಲಿ ಎಣಿಕೆಯಿದೆ. ತಾವೂ ದಯಮಾಡಿಸಬೇಕು" ಎಂದ.

ಮರುದಿನ ಹೋದೆವು. ಅರಳೆಯ ಬೆಂಕಿಯನ್ನು ನಾವು ಅಲ್ಲಿಯವರೆಗೆ ಕಂಡವರಲ್ಲ. ಬಿಗಿಯಾಗಿ ಒತ್ತಿ ಕಟ್ಟಿದ ಅಂಡಿಗೆ ಹುಲ್ಲಿನ ಬಣವೆಯಂತೆ ಭುಗ್ಗೆಂದು ಉರಿದು ಮುಗಿಯುವುದಿಲ್ಲ. ಹೊರಮೈ ಕಪ್ಪಾಗಿ, ಒಳಗೊಳಗೇ ಕೆಂಡ ಹರಿದು, ದಿನಗಟ್ಟಲೆ ಹೊಗೆಯಾಡುತ್ತದೆ. ನೀರು ಹೊಯ್ದು ಆರಿತೆಂದು ನಂಬಿದ ಅಂಡಿಗೆ ಮೂರನೆಯ ದಿನ ಮತ್ತೆ ಉರಿದೇಳುವುದುಂಟಂತೆ. ಗೋದಾಮಿನ ಅರ್ಧಭಾಗದಲ್ಲಿ ಮೊಣಕಾಲುದ್ದ ಕಪ್ಪು ರಾಡಿ. ಉಳಿದರ್ಧದಲ್ಲಿ ಬೆಂಕಿ ತಾಗದ 70 ಅಂಡಿಗೆಗಳು. ಕೆಲಸವಿಲ್ಲದ ಹಮಾಲರು ಬೇವಿನ ಮರದ ನೆರಳಿನಲ್ಲಿ ಕುಳಿತಿದ್ದರು. ವ್ಯಾಪಾರಿಗಳ ಮುಖ ಮೂರು ದಿನದಿಂದ ಉಂಡವರ ಮುಖದಂತಿರಲಿಲ್ಲ.

ಸುಟ್ಟದ್ದು 130 ಅಂಡಿಗೆ ಎಂದು ಅವರು ಬಾಯಿಮಾತಿನಲ್ಲಿ ಹೇಳಿ, ಖರೀದಿಯ ಕೆಲವು ಬಿಲ್ಲುಗಳನ್ನೂ ಮುಂದಿಟ್ಟಿದ್ದರು. ಕ್ಲೇಮಿನ ನಮೂನೆಗೆ ಇನ್ನೂ ಸಹಿಯಾಗಿರಲಿಲ್ಲ.

ನಮ್ಮ ಶಿಷ್ಯ ಬಿಲ್ಲುಗಳನ್ನು ಚೀಲದಲ್ಲಿ ಹಾಕಿಕೊಂಡು ಪ್ಯಾಂಟನ್ನು ಮಡಿಸಿ ರಾಡಿಗೆ ಇಳಿದ. ಅಂಡಿಗೆಗೆ ಬಿಗಿದ ಕಬ್ಬಿಣದ ಪಟ್ಟಿಗಳು ಅರಳೆಯೊಡನೆ ಸುಡುವುದಿಲ್ಲವಷ್ಟೇ? ಆತ ಮೊದಲು ಉಳಿದ ಅಂಡಿಗೆಗಳನ್ನು ನೋಡಿದ. ಒಂದೊಂದಕ್ಕೂ ಎಂಟೆಂಟು ಪಟ್ಟಿ. ಅನಂತರ ಹಮಾಲರನ್ನು ಕರೆದು, ಅವರ ದಿನಗೂಲಿಯನ್ನು ಮೊದಲೇ ಮಾತನಾಡಿ, ರಾಡಿಯಿಂದ ಒಂದೊಂದೇ ಪಟ್ಟಿಯನ್ನು ಎತ್ತಿಸಿ ಹೊರಗೆ ಹತ್ತತ್ತರ ಕಟ್ಟು ಹಾಕಿಸಿದ. ವ್ಯಾಪಾರಿಗಳ ಮಗನಿಗೂ ಒಂದು ಪುಸ್ತಕ ಕೊಟ್ಟು, "ನಾನು ಎಣಿಸಿದ್ದನ್ನು ನೀವೂ ಬರೆದುಕೊಳ್ಳಿ" ಎಂದ. ಹೊತ್ತು ಇಳಿಯುವವರೆಗೆ ಈ ಕೆಲಸ ನಡೆಯಿತು. ಒಟ್ಟು 714 ಪಟ್ಟಿಗಳು ಸಿಕ್ಕವು. ಎಂಟರಿಂದ ಭಾಗಿಸಿದರೆ 89 ಅಂಡಿಗೆಗಳಾಗಿ ಎರಡು ಪಟ್ಟಿ ಮಿಕ್ಕುತ್ತದೆ. ತೊಂಬತ್ತನೆಯದರ ಆರು ಪಟ್ಟಿಗಳು ಕಾಣಲಿಲ್ಲ. ಆತ ಅದನ್ನು ಪೂರ್ತಿ ಅಂಡಿಗೆಯೆಂದೇ ಹಿಡಿದ.

"ಗುಜರಿಯವರು ಒಯ್ದಿರಬೇಕ್ರಿ" ಎಂದರು ವ್ಯಾಪಾರಿಗಳು. ಆತ ವಾದಿಸಲಿಲ್ಲ. ಸಾಲುಗಳು ನಿಂತಿದ್ದ ಜಾಗದ ಗುರುತು ನೆಲದ ಮೇಲೆ ಇನ್ನೂ ಉಳಿದಿತ್ತು. ಅದನ್ನು ಟೇಪು ಹಿಡಿದು ಅಳೆದ. ಗೋಡೆಯ ಮೇಲಿನ ಸುಟ್ಟ ಗೆರೆಯಿಂದ ಸಾಲಿನ ಎತ್ತರವನ್ನು ಗುರುತಿಸಿದ. ಆಮೇಲೆ ಪ್ರೆಸ್ಸಿನವರ ರಿಜಿಸ್ಟರು, ವೇಬ್ರಿಜ್ಜಿನ ಚೀಟಿಗಳು, ಲಾರಿ ಬಾಡಿಗೆಯ ರಸೀದಿಗಳು, ಬ್ಯಾಂಕಿಗೆ ಪ್ರತಿ ತಿಂಗಳು ಕೊಡುತ್ತಿದ್ದ ದಾಸ್ತಾನಿನ ಪಟ್ಟಿ. ಮೊದಲಿದ್ದ ಮಾಲಿಗೆ ಬಂದ ಮಾಲು ಕೂಡಿಸಿ, ಹೋದದ್ದನ್ನು ಕಳೆದರೆ ಬೆಂಕಿಯ ದಿನ ಗೋದಾಮಿನಲ್ಲಿ 160 ಅಂಡಿಗೆ ಇದ್ದವು. ಅದರಲ್ಲಿ ಉಳಿದವು 70. ಕಾಗದವೂ ಕಬ್ಬಿಣವೂ ಒಂದೇ ಮಾತನ್ನು ಹೇಳಿದವು. ಹೆಚ್ಚುವರಿ 40 ಅಂಡಿಗೆಗಳ ಬಿಲ್ಲುಗಳಿಗೆ ಮಾತ್ರ ಲಾರಿಯೂ ಇರಲಿಲ್ಲ, ತೂಕದ ಚೀಟಿಯೂ ಇರಲಿಲ್ಲ. ಅವು ಬಂಧುವೊಬ್ಬರ ಅಂಗಡಿಯವು.

ಆ ಸಾಯಂಕಾಲ ಗೋದಾಮಿನ ಕಟ್ಟೆಯ ಮೇಲೆ ನಡೆದ ಮಾತನ್ನು ನಾವು ಮರೆತಿಲ್ಲ. ವ್ಯಾಪಾರಿಗಳು ಅಳುಕದೆ ಹೇಳಿದರು: "ಕಂಪನಿಯವರು ಹ್ಯಾಂಗೂ ಕಡಿತಾರ. ಎಲ್ಲಾರೂ ಏರಿಸೇ ಹಾಕತಾರ. ಏರಿಸದಿದ್ರ ನಮ್ಮದೂ ನಮಗ ಬರೂದಿಲ್ಲ." ಇದು ಲೋಭದ ಮಾತಲ್ಲ, ಭಯದ ಮಾತು. ಬ್ಯಾಂಕಿನ ಸಾಲ ತಲೆಯ ಮೇಲಿತ್ತು. ಮಾಲು ಬ್ಯಾಂಕಿಗೆ ಅಡವಾಗಿದ್ದುದರಿಂದ ಬರುವ ಹಣವೂ ಮೊದಲು ಬ್ಯಾಂಕಿಗೇ ಹೋಗುವುದಿತ್ತು.

ಶಿಷ್ಯ ನೆಲದ ಮೇಲೆ ಕಡ್ಡಿಯಿಂದ ಲೆಕ್ಕ ಗೀಚಿದ. ಆ ಲೆಕ್ಕವನ್ನು ಓದುಗರೂ ತಿಳಿಯಬೇಕು. ಆಗಿನ ಧಾರಣೆಯಲ್ಲಿ ಅಂಡಿಗೆಗೆ ಸುಮಾರು 20 ಸಾವಿರ ರೂಪಾಯಿ. ಪಾಲಿಸಿಯ ಮೊತ್ತ 32 ಲಕ್ಷ, ಅಂದರೆ ಸರಿಯಾಗಿ 160 ಅಂಡಿಗೆಗಳ ಬೆಲೆ. ನಿಜ ಹೇಳಿದರೆ 90 ಅಂಡಿಗೆಗಳ ನಷ್ಟ 18 ಲಕ್ಷ ಪೂರ್ತಿಯಾಗಿ ಲೆಕ್ಕಕ್ಕೆ ಸಿಗುತ್ತದೆ. 130 ಸುಟ್ಟವು ಎಂದರೆ ನಷ್ಟವೇನೋ 26 ಲಕ್ಷ. ಆದರೆ ಆಗ ಗೋದಾಮಿನಲ್ಲಿ 200 ಅಂಡಿಗೆ, ಅಂದರೆ 40 ಲಕ್ಷದ ಮಾಲು ಇದ್ದಂತಾಯಿತು. 40 ಲಕ್ಷದ ಮಾಲಿಗೆ 32 ಲಕ್ಷದ ವಿಮೆ ಮಾಡಿಸಿದವನು ಐದನೆಯ ಒಂದು ಪಾಲಿನ ಅಪಾಯವನ್ನು ತಾನೇ ಹೊತ್ತಂತೆ ಎಂಬುದು ವಿಮೆಯ ನಿಯಮ. ಆವರೇಜ್ ಎಂದು ಅವರು ಕರೆಯುವುದು ಇದನ್ನೇ. ಆ ಪ್ರಕಾರ 26 ಲಕ್ಷದಲ್ಲಿ ಐದನೆಯ ನಾಲ್ಕು ಪಾಲು, 20 ಲಕ್ಷ 80 ಸಾವಿರ ಮಾತ್ರ. "ಎಂಟು ಲಕ್ಷದ ಸುಳ್ಳು ಹೇಳಿದರೆ ಬರುವುದು ಎರಡು ಲಕ್ಷ ಎಂಬತ್ತು ಸಾವಿರ, ಅಪ್ಪಾಜಿ. ಅದು ಸಿಕ್ಕಿಬಿದ್ದರೆ ಹೋಗುವುದು ಹದಿನೆಂಟು ಲಕ್ಷವೂ" ಎಂದ. ಕ್ಲೇಮಿನ ಯಾವ ಭಾಗದಲ್ಲಾದರೂ ಮೋಸ ಕಂಡರೆ ಪಾಲಿಸಿಯ ಸಮಸ್ತ ಲಾಭವೂ ರದ್ದಾಗುತ್ತದೆಂಬ ಷರತ್ತು ಆ ಬೆಂಕಿ ವಿಮೆಯ ಪಾಲಿಸಿಯಲ್ಲಿಯೇ ಅಚ್ಚಾಗಿತ್ತು. ಅದನ್ನು ಓದಿದವರು ಮನೆಯಲ್ಲಿ ಯಾರೂ ಇರಲಿಲ್ಲ. ಪಾಲಿಸಿಯು ಬೀರುವಿನಲ್ಲಿ, ಪೂಜೆಯ ಸಾಮಾನಿನೊಂದಿಗೆ ಭದ್ರವಾಗಿತ್ತು!

ವ್ಯಾಪಾರಿಗಳು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಮಗನನ್ನು ಕರೆದು ಆ ಬಿಲ್ಲುಗಳನ್ನು ಹಿಂದಕ್ಕೆ ಕೇಳಿ ಪಡೆಯುವಂತೆ ಹೇಳಿದರು. ಶಿಷ್ಯ ಕೊಡಲಿಲ್ಲ. "ನನ್ನ ಕೈಗೆ ಬಂದ ಕಾಗದವನ್ನು ನಾನು ಕಾಣಲಿಲ್ಲ ಎನ್ನಲಾರೆ. ಮೊದಲು 130 ಎಂದು ಅಂದಾಜು ಹೇಳಿದರು, ಜಂಟಿ ಎಣಿಕೆಯಾದ ಮೇಲೆ 90 ಎಂದು ಒಪ್ಪಿ ಸಹಿ ಮಾಡಿದರು ಎಂದು ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ" ಎಂದ. ನಮಗೆ ಆ ಮಾತು ಕಠಿಣವೆನಿಸಿತು. ಊಟಕ್ಕೆ ಏಳಿರೆಂದು ಒಳಗಿನಿಂದ ಕರೆ ಬಂದಾಗ ಆತ, ಈ ಕೆಲಸ ಮುಗಿಯುವವರೆಗೆ ಈ ಮನೆಯಲ್ಲಿ ಉಣ್ಣಲಾರೆನೆಂದು ಕೈಮುಗಿದು, ಬಸ್ ನಿಲ್ದಾಣದ ಖಾನಾವಳಿಗೆ ಹೋದ. ನಾವು ಉಂಡೆವು. ಊಟ ರುಚಿಸಲಿಲ್ಲ.

ಪ್ರಸಂಗ ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ತೂಗುವ ತಕ್ಕಡಿಗೆ ಇನ್ನೊಂದು ತಟ್ಟೆಯೂ ಇರುತ್ತದೆ.

ತಾನೇ ಕಾವೇರಿ ಹೊತ್ತಿಕೊಂಡ ಸರಕಿಗೆ ಆ ಕಾಲದ ಬೆಂಕಿ ಪಾಲಿಸಿಯಲ್ಲಿ ಪರಿಹಾರವಿರಲಿಲ್ಲ. ಬೇಕಾದವರು ಹೆಚ್ಚಿನ ಕಂತು ಕಟ್ಟಿ ಸೇರಿಸಿಕೊಳ್ಳಬೇಕಿತ್ತು. ಕಂಪನಿಯ ಅಧಿಕಾರಿಯೊಬ್ಬರು ಇದನ್ನೇ ಹಿಡಿದರು. ಅರಳೆ ಹಸಿಯಿತ್ತು, ಒಳಗೇ ಕಾವೇರಿ ಹೊತ್ತಿತು ಎಂದು ವರದಿಯಲ್ಲಿ ಬಂದರೆ ಫೈಲು ಮುಚ್ಚುತ್ತದೆ ಎಂಬ ಸೂಚನೆ ಶಿಷ್ಯನಿಗೆ ಬಂತು. ಬರಹದಲ್ಲಿ ಅಲ್ಲ, ಮಾತಿನಲ್ಲಿ. ನಾವು ಹೇಳಿದ "ಸ್ವಲ್ಪ ನೋಡಿ ಮಾಡು" ಎಂಬ ಮಾತನ್ನೇ ಅವರೂ ಹೇಳಿದ್ದರಂತೆ.

ಕಾರಣವನ್ನು ಹುಡುಕುವುದು ಎಣಿಕೆಗಿಂತ ಕಷ್ಟದ ಕೆಲಸ. ಸ್ವಿಚ್ಚುಬೋರ್ಡಿನ ಕೆಳಗೆ ತಾಮ್ರದ ತಂತಿ ಕರಗಿ ಮಣಿಗಟ್ಟಿತ್ತು. ಅದನ್ನು ಕಂಡೊಡನೆ ನಾವು, "ಇದೋ ಶಾರ್ಟ್ ಸರ್ಕ್ಯೂಟ್!" ಎಂದಿದ್ದೆವು. ಶಿಷ್ಯ ನಕ್ಕ. "ಬೆಂಕಿ ಬಿದ್ದ ಮೇಲೆ ತಂತಿಯ ಹೊದಿಕೆ ಸುಟ್ಟು, ಆಮೇಲೆ ಶಾರ್ಟ್ ಆದರೂ ಹೀಗೆಯೇ ಮಣಿಗಟ್ಟುತ್ತದೆ. ತಾವೇ ಕಲಿಸಿದ ಹೇತ್ವಾಭಾಸ" ಎಂದ. ಗುರುವಿಗೆ ಶಿಷ್ಯನಿಂದ ಸೋಲು ಬರಲಿ ಎಂದು ಹಿರಿಯರು ಹಾರೈಸುತ್ತಿದ್ದರು. ಆ ರಾಡಿಯಲ್ಲಿ ನಿಂತು ನಮಗೆ ಅದು ಸಿದ್ಧಿಸಿತು. ಆದ್ದರಿಂದ ಆತ ಬೇರೆ ಆಧಾರಗಳನ್ನು ಕೂಡಿಸಿದ. ಉಳಿದ 70 ಅಂಡಿಗೆಗಳು ಅದೇ ಮಾಲಿನವು. ಉಪಕರಣ ಇಟ್ಟು ನೋಡಿದಾಗ ತೇವ ಹೆಚ್ಚಿರಲಿಲ್ಲ. ಜಿನ್ನಿನಲ್ಲಿ ಕಲ್ಲಿಗೆ ಹಲ್ಲು ತಾಗಿ ಹಾರಿದ ಕಿಡಿ ಅಂಡಿಗೆಯೊಳಗೆ ಸೇರಿ ದಿನಗಳ ಮೇಲೆ ಹೊತ್ತುವುದುಂಟು. ಈ ಅಂಡಿಗೆಗಳು ತಿಂಗಳಿಗೂ ಹಿಂದೆ ಒತ್ತಿದವು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿನಿಂದ ಕಾವೇರಿದ ಅರಳೆ ಸಾಲಿನ ಹೊಟ್ಟೆಯಲ್ಲಿ ಮೊದಲು ಸುಡಬೇಕು. ಇಲ್ಲಿ ಗೋಡೆಯ ಬದಿಯ ಅಂಡಿಗೆಗಳು ಪೂರ್ತಿ ಬೂದಿಯಾಗಿದ್ದವು, ಒಳಸಾಲಿನವು ಅರೆಸುಟ್ಟಿದ್ದವು. ಕಾವಲುಗಾರನ ಹೇಳಿಕೆ, ಅಗ್ನಿಶಾಮಕ ದಳದ ವರದಿ, ವಿದ್ಯುತ್ ಪರಿವೀಕ್ಷಕರ ವರದಿ ಎಲ್ಲವೂ ಬೋರ್ಡಿನ ಕಡೆಗೇ ಬೆರಳು ತೋರಿದವು. ತಾನೇ ಕಾವೇರಿತೆಂಬುದಕ್ಕೆ ಆಧಾರವಿಲ್ಲ ಎಂದು ಆತ ಬರೆದ. ಎಣಿಕೆಯ ವಿಷಯದಲ್ಲಿ ವ್ಯಾಪಾರಿಗಳಿಗೆ ಎಷ್ಟು ಕಠಿಣನಾಗಿದ್ದನೋ ಇಲ್ಲಿ ಕಂಪನಿಗೆ ಅಷ್ಟೇ ಕಠಿಣನಾದ.

ಅರೆಸುಟ್ಟ ಅರಳೆಯನ್ನು ಮಾರಿ ಬಂದ ಹಣ ಮತ್ತು ಪಾಲಿಸಿಯಂತೆ ವ್ಯಾಪಾರಿಗಳೇ ಹೊರಬೇಕಾದ ಭಾಗ ಕಳೆದು ಉಳಿದದ್ದು ಬ್ಯಾಂಕಿಗೆ ಬಂತು. ತಡವಾಯಿತು, ಆದರೆ ಬಂತು. ಮುಂದಿನ ವರ್ಷ ಆ ಕಚೇರಿಯಿಂದ ನಮ್ಮ ಶಿಷ್ಯನಿಗೆ ಬಂದ ಕೆಲಸ ಬಹಳ ಕಡಿಮೆ. ಇದನ್ನು ಆತ ನಮಗೆ ಹೇಳಲಿಲ್ಲ. ಆತನ ಮನೆಯವರು ಹೇಳಿದರು. ಮಗಳ ಕಾಲೇಜಿನ ಶುಲ್ಕಕ್ಕೆ ಆ ವರ್ಷ ಸಾಲ ಮಾಡಿದರಂತೆ.

ಇನ್ನು ಪತ್ರ ಬರೆದ ತಾಯಿಯವರಿಗೂ ಅವರಂತಹ ಇತರರಿಗೂ ಶಿಷ್ಯನಿಂದ ಕೇಳಿ ತಿಳಿದ ನಾಲ್ಕು ಮಾತು. ನಷ್ಟವಾದ ಕೂಡಲೇ ಕಂಪನಿಗೆ ತಿಳಿಸಬೇಕು. ಬೆಂಕಿ ಹಬ್ಬದಂತೆ, ಉಳಿದ ಮಾಲು ನೆನೆಯದಂತೆ ನೋಡಿಕೊಳ್ಳಬೇಕು. ಆದರೆ ಸರ್ವೇಯರರು ಬರುವ ಮೊದಲು ಬೂದಿಯನ್ನು ಬಳಿದು ಚೆಲ್ಲಬಾರದು. ಆ ಬೂದಿಯೇ ನಿಮ್ಮ ಸಾಕ್ಷಿ. ಲೆಕ್ಕದ ಪುಸ್ತಕದ ಒಂದು ನಕಲು ಅಂಗಡಿಯ ಹೊರಗೆ, ಮನೆಯಲ್ಲಿ ಇರಲಿ. ಎಮ್ಮೆ ಆಕಳಿಗೆ ವಿಮೆ ಮಾಡಿಸಿದವರು ಕಿವಿಯೋಲೆಯನ್ನು ವಾರಕ್ಕೊಮ್ಮೆ ಮುಟ್ಟಿ ನೋಡಬೇಕು. ಓಲೆ ಬಿದ್ದರೆ ಅಂದೇ ತಿಳಿಸಿ ಬೇರೆ ಹಾಕಿಸಬೇಕು. ಓಲೆಯಿಲ್ಲದ ಆಕಳು ಸತ್ತರೆ ವಿಮೆ ಮಾಡಿಸಿದ ಆಕಳು ಅದೇ ಎಂದು ತೋರಿಸುವುದು ಹೇಗೆ? ಹೀಗೆ ಹಣ ಕಳೆದುಕೊಂಡ ಒಬ್ಬ ಅಜ್ಜಿಯವರನ್ನು ನಾವು ಬಲ್ಲೆವು. ಅವರ ಆಕಳು ಸತ್ತದ್ದೂ ನಿಜ, ವಿಮೆ ಕಟ್ಟಿದ್ದೂ ನಿಜ.

ಸರ್ವೇಯರರ ವರದಿ ನಿಮಗೆ ಒಪ್ಪಿಗೆಯಾಗದಿದ್ದರೆ ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಆ ವರದಿ ಮುಖ್ಯವಾದರೂ ಅದೇ ಅಂತಿಮವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಹೇಳಿದೆ. ತನಗೆ ಬೇಕಾದ ವರದಿ ಬರುವವರೆಗೆ ಸಕಾರಣವಿಲ್ಲದೆ ಒಬ್ಬರ ಮೇಲೊಬ್ಬ ಸರ್ವೇಯರರನ್ನು ಕಂಪನಿ ನೇಮಿಸುತ್ತ ಹೋಗುವಂತಿಲ್ಲವೆಂದೂ ಅದೇ ವರ್ಷದ ಇನ್ನೊಂದು ತೀರ್ಪಿನಲ್ಲಿ ಹೇಳಿದೆ. ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಟ್ಟು, ತಿಂಗಳೊಳಗೆ ಸಮಾಧಾನ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಅಲ್ಲಿ 30 ಲಕ್ಷವಿದ್ದ ಮಿತಿಯನ್ನು 2023ರಲ್ಲಿ 50 ಲಕ್ಷಕ್ಕೆ ಏರಿಸಿದ್ದಾರೆ. 2021ರ ಏಪ್ರಿಲ್‌ನಿಂದ ಮನೆಗಳಿಗೂ ಸಣ್ಣ ಅಂಗಡಿಗಳಿಗೂ ಹೊಸ ಬಗೆಯ ಪಾಲಿಸಿಗಳು ಬಂದಿವೆ. ಮನೆಯ ಪಾಲಿಸಿಯಲ್ಲಿ ಆವರೇಜಿನ ಕಡಿತವೇ ಇಲ್ಲ. ಸಣ್ಣ ವ್ಯಾಪಾರಿಗಳಿಗೆ ಶೇಕಡಾ 15ರವರೆಗಿನ ಕೊರತೆಯನ್ನು ಮನ್ನಿಸುತ್ತಾರೆ. ಆದರೂ ಮಾಲು ಹೆಚ್ಚಿದಂತೆ ಪಾಲಿಸಿಯ ಮೊತ್ತವನ್ನೂ ಏರಿಸುವುದು ಕ್ಷೇಮ.

ಪ್ರಶ್ನೆಗಳ ವಿಷಯವಾಗಿ, ತಾಯಿಯವರೇ, ಆ ದಿನ ನಮ್ಮ ಶಿಷ್ಯ ಕೇಳಿದ ಪ್ರಶ್ನೆಗಳೂ ವ್ಯಾಪಾರಿಗಳ ಮನೆಯವರಿಗೆ ನೋವುಂಟುಮಾಡಿದವು. ಬೀಗದ ಕೈ ಯಾರ ಬಳಿ ಇತ್ತು, ಸಾಲವೆಷ್ಟು, ಕೊನೆಗೆ ಹೊರಬಂದವರು ಯಾರು, ಅಣ್ಣತಮ್ಮಂದಿರಲ್ಲಿ ವ್ಯಾಜ್ಯವಿದೆಯೇ ಎಂದೆಲ್ಲ ಕೇಳಿದ. ಆ ಮನೆಯ ಅನ್ನ ಉಂಡವನು ಕಣ್ಣು ತಗ್ಗಿಸಿ ಕೇಳಿದ, ಆದರೆ ಒಂದನ್ನೂ ಬಿಡಲಿಲ್ಲ. ಬಿಟ್ಟಿದ್ದರೆ, ಶಾರ್ಟ್ ಸರ್ಕ್ಯೂಟ್ ಎಂದು ಆತ ಬರೆದ ಮಾತನ್ನು ಕಂಪನಿಯ ಮುಂದೆ ಯಾರು ನಂಬುತ್ತಿದ್ದರು?

ವ್ಯಾಪಾರಿಗಳು ಈಗ ಮಗನಿಗೆ ವ್ಯವಹಾರ ವಹಿಸಿದ್ದಾರೆ. ಆ 714 ಪಟ್ಟಿಗಳನ್ನು ಗುಜರಿಗೆ ಹಾಕಿ ಬಂದ ಹಣವೂ ವರದಿಯಲ್ಲಿ ಲೆಕ್ಕಕ್ಕೆ ಬಂದಿತ್ತು. ವರದಿಯ ಪ್ರತಿಯನ್ನು ಮಗ ನಮಗೆ ಓದಲು ಕೊಟ್ಟಿದ್ದ. ಎಣಿಕೆಯ ದಿನ ಸ್ಥಳದಲ್ಲಿದ್ದವರ ಹೆಸರುಗಳ ನಡುವೆ ನಮ್ಮ ಹೆಸರೂ ಇದೆ; ಹಿಂದಿನ ದಿನ ನಾವು ಮಾಡಿದ ದೂರವಾಣಿಯ ವಿಷಯ ಅದರಲ್ಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆಯುವವನು ಅದನ್ನೊಂದನ್ನು ಏಕೆ ಬಿಟ್ಟನೆಂದು ನಾವು ಇದುವರೆಗೆ ಆತನನ್ನು ಕೇಳಿಲ್ಲ.